ಟಿಕೆಟ್ ಕೌಂಟರಿನ ಒಡೆಯರು

ಕೇಳುಗರಿಗೆ ನಮಸ್ಕಾರ. ಹಾಲಿವುಡ್ ಅಂದ ಕೂಡಲೇ ಎಲ್ಲರೂ ಕೇಳುವುದು ಚಾಪ್ಲಿನ್ ಬಗ್ಗೆ, ಮರ್ಲಿನ್ ಮನ್ರೋ ಬಗ್ಗೆ. ಕೇಳಲಿ, ಬೇಡ ಅನ್ನಲಾರೆ. ಆದರೆ ಇವತ್ತು ನಾನು ಹೇಳುವುದು ಒಂದೇ ಮಾತು. ಅಮೆರಿಕದಲ್ಲಿ ಚಿತ್ರಮಂದಿರ ಯಾರ ಕೈಯಲ್ಲಿತ್ತೋ, ಚಿತ್ರೋದ್ಯಮ ಅವರ ಕೈಯಲ್ಲಿತ್ತು.

ಅಡಾಲ್ಫ್ ಜೂಕರ್ ಅಂತ ಒಬ್ಬ. 1873ರಲ್ಲಿ ಹಂಗೆರಿಯ ಹಳ್ಳಿಯೊಂದರಲ್ಲಿ ಹುಟ್ಟಿದವನು, ಎಳವೆಯಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವನು. ಹದಿಹರೆಯದಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಬಂದ. ತುಪ್ಪಳದ ಉಡುಪಿನ ವ್ಯಾಪಾರದಲ್ಲಿ ಕಾಸು ಮಾಡಿಕೊಂಡು, ಅದನ್ನು ಚಿತ್ರ ತೋರಿಸುವ ಮಳಿಗೆಗಳಿಗೆ ಹಾಕಿದ. ಆಗ ಸಿನಿಮಾ ಅಂದರೆ ಐದು ಸೆಂಟಿನ ಪುಟ್ಟ ಆಟ. ಮರ್ಯಾದಸ್ಥರು ಆ ಕಡೆ ತಲೆ ಹಾಕುತ್ತಿರಲಿಲ್ಲ. 1912ರಲ್ಲಿ ಜೂಕರ್, ಫ್ರಾನ್ಸಿನ ಮಹಾನಟಿ ಸಾರಾ ಬರ್ನಾರ್ಡ್ ರಾಣಿ ಎಲಿಜಬೆತ್ ಆಗಿ ನಟಿಸಿದ್ದ ಚಿತ್ರ ತರಿಸಿ, ನ್ಯೂಯಾರ್ಕಿನ ನಾಟಕಮಂದಿರದಲ್ಲೇ ತೋರಿಸಿದ. ಮರ್ಯಾದಸ್ಥರು ಬಂದು ಕೂತರು!

ಆಮೇಲೆ ತಾನೇ ಚಿತ್ರ ತಯಾರಿಸತೊಡಗಿದ. ಅವುಗಳ ಹಂಚಿಕೆ ಹಾಡ್ಕಿನ್ಸನ್ ಎಂಬವನದು, 1914ರಲ್ಲಿ ಪ್ಯಾರಾಮೌಂಟ್ ಕಂಪನಿ ಕಟ್ಟಿದವನು. ಬಂದ ದುಡ್ಡಿನಲ್ಲಿ ಶೇಕಡಾ 65 ನಿರ್ಮಾಪಕನಿಗೆ, 35 ಹಂಚಿಕೆದಾರನಿಗೆ. ಪ್ಯಾರಾಮೌಂಟಿನ ಗುರುತಾಗಿ ಪರದೆಯ ಮೇಲೆ ಇಂದಿಗೂ ಬರುವ ಆ ಹಿಮದ ಬೆಟ್ಟವನ್ನು ಕಾಗದದ ಮೇಲೆ ಮೊದಲು ಗೀಚಿದವನು ಈ ಹಾಡ್ಕಿನ್ಸನ್ನೇ ಅನ್ನುತ್ತಾರೆ. ಆ 35ರ ಮೇಲೆ ಜೂಕರ್‌ಗೆ ಕಣ್ಣು. ಸದ್ದಿಲ್ಲದೆ ಪ್ಯಾರಾಮೌಂಟ್ ಷೇರು ಕೊಳ್ಳುತ್ತಾ ಬಂದ. 1916ರಲ್ಲಿ ಸಭೆ ಸೇರಿದಾಗ ಹಾಡ್ಕಿನ್ಸನ್‌ನ ಅಧ್ಯಕ್ಷಗಿರಿ ಹೋಯಿತು. ಬೆಟ್ಟ ಒಳಗೆ, ಗೀಚಿದವನು ಹೊರಗೆ! ಈ ಕಥೆ ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಮುಂದೆ ನೋಡಿ. ಆಗಿನ ಜನಪ್ರಿಯ ನಟಿ ಮೇರಿ ಪಿಕ್‌ಫರ್ಡ್ ಚಿತ್ರ ಬೇಕೆಂದು ಬಂದ ಥಿಯೇಟರಿನವರಿಗೆ ಜೂಕರ್ ಹೇಳಿದ್ದು: ಜೊತೆಗೆ ನಮ್ಮ ಉಳಿದ ಚಿತ್ರಗಳನ್ನೂ ತಗೊಳ್ಳಿ. ಸಂತೆಯಲ್ಲಿ ಎಳೆ ಬದನೆಕಾಯಿ ಬೇಕಾದರೆ ಹುಳುಕನ್ನೂ ತೂಗಿಸಿಕೊಳ್ಳಿ ಅಂದ ಹಾಗೆ. ರೋಸಿಹೋದ ಥಿಯೇಟರಿನವರು 1917ರಲ್ಲಿ ಫಸ್ಟ್ ನ್ಯಾಷನಲ್ ಎಂಬ ತಮ್ಮದೇ ಸಂಸ್ಥೆ ಮಾಡಿ, ಚಾಪ್ಲಿನ್ ಜೊತೆ ಒಪ್ಪಂದ ಮಾಡಿಕೊಂಡರು. ಬಂದನಲ್ಲ ನಿಮ್ಮ ಚಾಪ್ಲಿನ್! ಜೂಕರ್ ಏನು ಮಾಡಿದ? ವಾಲ್‌ಸ್ಟ್ರೀಟಿನಿಂದ ದುಡ್ಡು ತಂದು ಚಿತ್ರಮಂದಿರಗಳನ್ನೇ ಕೊಳ್ಳತೊಡಗಿದ. ಮತ್ತೆ ಹೇಳುತ್ತೇನೆ, ಚಿತ್ರಮಂದಿರ ಯಾರ ಕೈಯಲ್ಲೋ, ಉದ್ಯಮ ಅವರ ಕೈಯಲ್ಲಿ.

ಸಮಯ ಮುಗಿಯುತ್ತಾ ಬಂತು, ಸ್ಟುಡಿಯೋದವರು ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಪ್ಯಾರಾಮೌಂಟ್, ಎಂಜಿಎಂ, ವಾರ್ನರ್, ಫಾಕ್ಸ್, ಆರ್‌ಕೆಒ, ಈ ಐವರದೂ ಇದೇ ದಾರಿ: ತಯಾರಿಕೆ, ಹಂಚಿಕೆ, ಪ್ರದರ್ಶನ, ಮೂರೂ ಒಂದೇ ಮನೆಯಲ್ಲಿ. ಇದು ಏಕಸ್ವಾಮ್ಯ ಅಂತ 1938ರಲ್ಲಿ ಸರ್ಕಾರ ಇವರೂ ಸೇರಿ ಎಂಟು ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತು. 1948ರಲ್ಲಿ ಸುಪ್ರೀಂ ಕೋರ್ಟು ಕಂಪನಿಗಳ ವಿರುದ್ಧ ತೀರ್ಪು ಕೊಟ್ಟಿತು, ಥಿಯೇಟರುಗಳು ಅವರ ಕೈತಪ್ಪಿದವು. ಅದೇ ಹೊತ್ತಿಗೆ ಮನೆಮನೆಗೆ ಟಿ.ವಿ. ಬಂತು. ಸಂಬಳ ಕೊಟ್ಟು ಸಾಕಿಕೊಂಡಿದ್ದ ನಟರ ದಂಡು ಕರಗಿತು. ಜೂಕರ್ ಇದನ್ನೆಲ್ಲ ನೋಡಿ, 103 ವರ್ಷ ಬಾಳಿ, 1976ರಲ್ಲಿ ತೀರಿಕೊಂಡ.

ಕಂಪನಿಗಳು ಥಿಯೇಟರು ಇಟ್ಟುಕೊಳ್ಳುವುದಕ್ಕೆ ಆ ಮೊಕದ್ದಮೆಯಿಂದ ಬಂದಿದ್ದ ಹಳೆಯ ಕಟ್ಟುಪಾಡನ್ನು 2020ರಲ್ಲಿ ನ್ಯಾಯಾಲಯ ತೆಗೆದುಹಾಕಿತು. ಆ ಎಂಟರಲ್ಲಿ ಕೊಲಂಬಿಯಾ ಅಂತ ಒಂದಿತ್ತಲ್ಲ, ಆಗ ಅದಕ್ಕೆ ಸ್ವಂತದ್ದೊಂದು ಚಿತ್ರಮಂದಿರವೂ ಇರಲಿಲ್ಲ. ಅದರ ಈಗಿನ ಒಡೆಯರಾದ ಸೋನಿಯವರು 2024ರಲ್ಲಿ ಅಲಾಮೊ ಡ್ರಾಫ್ಟ್‌ಹೌಸ್ ಎಂಬ ಥಿಯೇಟರ್ ಕಂಪನಿಯನ್ನೇ ಕೊಂಡರು. ನಮಸ್ಕಾರ.