ನಿದ್ದೆಗೆಡಬೇಕಿಲ್ಲದ ಹ್ಯಾಕಥಾನ್

ಕೇಳುಗರಿಗೆ ನಮಸ್ಕಾರ.

ಹ್ಯಾಕಥಾನ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಿಮ್ಮಲ್ಲಿ ಕೆಲವರು ರೇಡಿಯೊ ಸದ್ದು ತಗ್ಗಿಸಲು ಕೈ ಚಾಚಿರಬಹುದು. ಸ್ವಲ್ಪ ತಡೆಯಿರಿ. ಕಂಪ್ಯೂಟರ್ ಬಲ್ಲವರಿಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. "ಅದೆಲ್ಲ ನಮ್ಮಂಥವರಿಗಲ್ಲ" ಅಂದುಕೊಂಡು ಬದಿಗೆ ಸರಿದು ಕೂತವರ ಜೊತೆ ನನಗೆ ಮಾತಿದೆ.

ಹೆಸರಿನ ಕಥೆ ಮೊದಲು. ಹ್ಯಾಕ್ ಮತ್ತು ಮ್ಯಾರಥಾನ್, ಎರಡೂ ಸೇರಿ ಹ್ಯಾಕಥಾನ್: ಗೊತ್ತುಪಡಿಸಿದ ಹೊತ್ತಿನೊಳಗೆ ಜೊತೆಯಾಗಿ ತಂತ್ರಾಂಶ ಕಟ್ಟುವ ಕೂಟ. ಇಲ್ಲಿ ಹ್ಯಾಕ್ ಅಂದರೆ ಯಾರದೋ ಖಾತೆಗೆ ಕನ್ನ ಹಾಕುವುದಲ್ಲ. ಕೈಯಲ್ಲಿರುವ ಸಾಧನದಲ್ಲೇ ಜಾಣತನದಿಂದ ಏನಾದರೂ ಕಟ್ಟುವುದು. 1999ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಎಂಬ, ಕಂಪ್ಯೂಟರನ್ನೇ ನಡೆಸುವ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುತ್ತಿದ್ದ 10 ಮಂದಿ ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿದರು. ಗೂಢಲಿಪಿಯ ತಂತ್ರಾಂಶವನ್ನು ಹೊರದೇಶಕ್ಕೆ ಕಳಿಸಲು ಅಮೆರಿಕದಲ್ಲಿ ಆಗ ಕಾನೂನಿನ ತೊಡಕಿತ್ತು, ಅದಕ್ಕೇ ಗಡಿಯಾಚೆ ಕೂತು ಕೆಲಸ. ಆ ಕೂಟಕ್ಕೆ ಅವರಿಟ್ಟ ಹೆಸರು ಹ್ಯಾಕಥಾನ್. ಅದೇ ತಿಂಗಳು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯೂ ಜಾವಾ ಎಂಬ ತನ್ನ ಪ್ರೋಗ್ರಾಂ ಭಾಷೆಯ ಸಮ್ಮೇಳನದಲ್ಲಿ ಇದೇ ಹೆಸರನ್ನು ಬಳಸಿತು.

ಆ 10 ಮಂದಿ ಕಸುಬು ಬಲ್ಲವರು. ಏನು ಮಾಡಬೇಕೆಂದು ಗೊತ್ತಿದ್ದೇ ಬಂದವರು. ಮುಂದೆ ಹ್ಯಾಕಥಾನ್ ಕಾಲೇಜುಗಳಿಗೂ ಕಂಪನಿಗಳಿಗೂ ಹಬ್ಬಿತು. ಹಬ್ಬುತ್ತಾ ಒಂದು ಅಚ್ಚಿಗೆ ಬಿತ್ತು: ವಾರಾಂತ್ಯ, 24 ಗಂಟೆ ಇಲ್ಲವೇ 48 ಗಂಟೆ, ರಾತ್ರಿಯಿಡೀ ಎಚ್ಚರ, ಕೊನೆಗೆ ತೀರ್ಪುಗಾರರು, ಬಹುಮಾನ.

ಈ ಅಚ್ಚು ಯಾರನ್ನು ಕರೆಯುತ್ತದೆ, ಯಾರನ್ನು ಬಿಡುತ್ತದೆ? ಎಳೆಮಗುವಿನ ತಾಯಿ 2 ದಿನ ಮನೆ ಬಿಟ್ಟು ಬರಲಾರಳು. ವಾರಾಂತ್ಯದಲ್ಲೇ ಪಾಳಿ ಇರುವವನು ಬರಲಾರ. ರಾತ್ರಿ ಹೊರಗಿರಲು ಮನೆಯ ಒಪ್ಪಿಗೆ ಸಿಗದ ಹುಡುಗಿ ಬರಲಾರಳು. ಗಾಲಿಕುರ್ಚಿಯಲ್ಲಿ ಓಡಾಡುವವರು ಅಲ್ಲಿ ಮೆಟ್ಟಿಲೆಷ್ಟು ಎಂದು ಮೊದಲು ಕೇಳಬೇಕು. ಬಾಗಿಲಲ್ಲಿ ನಿಂತು ಯಾರೂ ಇವರನ್ನು ತಡೆಯಲಿಲ್ಲ. ವೇಳಾಪಟ್ಟಿಯೇ ತಡೆಯಿತು. ಆಮೇಲೆ ಆಯೋಜಕರು ಅಚ್ಚರಿಯಿಂದ ಕೇಳುತ್ತಾರೆ, "ಎಲ್ಲರಿಗೂ ಮುಕ್ತ ಅಂತ ಹಾಕಿದ್ದೆವಲ್ಲ, ಯಾಕೆ ಬರಲಿಲ್ಲ?"

ಆಸಕ್ತಿ ಇಲ್ಲ ಎಂಬ ಸುಲಭದ ಉತ್ತರ ಒಂದಿದೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. 1946ರಲ್ಲಿ ಜಗತ್ತು ಬೆರಗಾಗಿ ನೋಡಿದ ಎನಿಯಾಕ್ ಎಂಬ ದೈತ್ಯ ಗಣಕಕ್ಕೆ ಪ್ರೋಗ್ರಾಂ ಸಿದ್ಧಪಡಿಸಿದವರು 6 ಮಂದಿ ಮಹಿಳೆಯರು. ಅಮೆರಿಕದ ಲೆಕ್ಕ ನೋಡಿದರೆ, 1980ರ ದಶಕದ ನಡುವೆ ಗಣಕ ವಿಜ್ಞಾನದ ಪದವಿ ಪಡೆದವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಹೆಂಗಸರಿದ್ದರು. 2010ರ ಹೊತ್ತಿಗೆ ಅದು ಐದನೇ ಒಂದು ಭಾಗಕ್ಕಿಂತ ಕೆಳಗಿಳಿದಿತ್ತು. ಒಂದೇ ತಲೆಮಾರಿನಲ್ಲಿ ಬುದ್ಧಿ ಬತ್ತಿಹೋಗುವುದುಂಟೇ? ಬದಲಾದದ್ದು ಅಂಗಳ.

ಹೊಸಬರಿಗೆಂದೇ, ಅದರಲ್ಲೂ ತಂತ್ರಜ್ಞಾನದಲ್ಲಿ ಕಡಿಮೆ ಕಾಣುವ ಸಮುದಾಯಗಳಿಗೆಂದೇ ನಡೆಸುವ ಆನ್‌ಲೈನ್ ಹ್ಯಾಕಥಾನ್‌ಗಳು ಆ ಅಂಗಳವನ್ನೇ ಬೇರೆ ರೀತಿ ಹಾಕುತ್ತವೆ. 48 ಗಂಟೆಯ ಬದಲು ಒಂದೋ ಎರಡೋ ವಾರ. ದಿನಕ್ಕೆ ಬಿಡುವಾದಾಗ ಒಂದು ಗಂಟೆ. ಪಾಠಗಳು ರೆಕಾರ್ಡ್ ಆಗಿ ಸಿಗುತ್ತವೆ, ಮಗು ಮಲಗಿದ ಮೇಲೆ ನೋಡಬಹುದು. ಪ್ರಶ್ನೆಯನ್ನು ಬರೆದಿಟ್ಟರೆ ಬೇರೆ ಟೈಮ್ ಝೋನಿನಲ್ಲಿರುವ ಮೆಂಟರ್, ಅಂದರೆ ದಾರಿ ತೋರುವ ನುರಿತವರು, ಎದ್ದ ಮೇಲೆ ಉತ್ತರಿಸುತ್ತಾರೆ. ಕ್ಯಾಮೆರಾ ಹಾಕಲೇಬೇಕೆಂಬ ಒತ್ತಾಯವಿಲ್ಲ. ಇದು ಸಣ್ಣ ವಿಷಯವಲ್ಲ. ಹಿಂದಿರುವ ಗೋಡೆಯನ್ನು, ಪಕ್ಕದಲ್ಲಿ ಓಡಾಡುವ ಮನೆಮಂದಿಯನ್ನು ಅಪರಿಚಿತರಿಗೆ ತೋರಿಸಲು ಎಲ್ಲರಿಗೂ ಇಷ್ಟವಿರುವುದಿಲ್ಲ.

ನಾನು ಇಂಥ ಕೆಲವು ಹ್ಯಾಕಥಾನ್‌ಗಳಲ್ಲಿ ಮೆಂಟರ್ ಆಗಿ ಕೂತಿದ್ದೇನೆ. ಮೊದಲ ಸಲ, ಕೋಡ್, ಅಂದರೆ ಕಂಪ್ಯೂಟರಿಗೆ ಸೂಚನೆ ಬರೆಯುವುದನ್ನು, ಕಲಿಸಬೇಕಾಗುತ್ತದೆ ಅಂದುಕೊಂಡು ಭಾರೀ ತಯಾರಿ ಮಾಡಿಕೊಂಡು ಹೋಗಿದ್ದೆ. ಮೊದಲ ಸಂಜೆ ಕೋಡಿನ ಮಾತೇ ಬರಲಿಲ್ಲ. 8 ವರ್ಷ ಕೆಲಸದಿಂದ ದೂರವಿದ್ದ ಮಹಿಳೆಯೊಬ್ಬರು ಒಂದು ವೆಬ್ ಪುಟ ಬರೆದಿದ್ದರು. ಸಾಲುಗಳೆಲ್ಲ ಸರಿಯಾಗಿದ್ದವು. ಆದರೆ ತೆರೆದರೆ ಪುಟದ ಬದಲು ಅವರು ಬರೆದ ಸಾಲುಗಳೇ ಹಾಗ್ಹಾಗೇ ಕಾಣುತ್ತಿದ್ದವು. 2 ಗಂಟೆ ಒದ್ದಾಡಿ ಕೊನೆಗೆ ಅವರು ಬರೆದದ್ದು ಇಷ್ಟೇ: "ಸರ್, ಇದು ನನ್ನ ತಲೆಗೆ ಹತ್ತುವುದಿಲ್ಲ ಅನಿಸುತ್ತೆ, ಬಿಟ್ಟುಬಿಡುತ್ತೇನೆ."

ಆಗಿದ್ದೇನು ಗೊತ್ತೇ? ಕಡತಕ್ಕೆ ಅವರು ಕೊಟ್ಟ ಹೆಸರಿನ ಬಾಲಕ್ಕೆ, ಅಂದರೆ ಅದು ಯಾವ ಬಗೆಯ ಕಡತ ಎಂದು ಹೇಳುವ ಕೊನೆಯ ಅಕ್ಷರಗಳಿಗೆ, ಕಂಪ್ಯೂಟರ್ ತಾನಾಗಿಯೇ ಇನ್ನೊಂದು ಬಾಲ ಅಂಟಿಸಿ, ಅದು ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟಿತ್ತು. ಎಚ್‌ಟಿಎಂಎಲ್ ಕಡತ, ಅಂದರೆ ವೆಬ್ ಪುಟದ ಕಡತ ಅಂತ ಅವರು ಉಳಿಸಿದ್ದು, ಒಳಗೆ ಬರೀ ಪಠ್ಯದ ಕಡತವಾಗಿ ಕೂತಿತ್ತು. ಹೆಸರು ತಿದ್ದಲು ಅರ್ಧ ನಿಮಿಷ ಸಾಕಾಯಿತು.

ನನಗೆ ಅವತ್ತು ಹೊಳೆದದ್ದು ಇದು. ಎರರ್ ಬಂದರೆ ನುರಿತವರು ಕಂಪ್ಯೂಟರನ್ನು ಬೈಯುತ್ತಾರೆ, ಹೊಸಬರು ತಮ್ಮನ್ನೇ ಬೈದುಕೊಳ್ಳುತ್ತಾರೆ. ತನ್ನಂಥವರು ಯಾರೂ ಇಲ್ಲದ ಕೋಣೆಯಲ್ಲಿ ಕೂತ ಹೊಸಬರಂತೂ ಎರಡು ಪಟ್ಟು ಬೈದುಕೊಳ್ಳುತ್ತಾರೆ. ಮೆಂಟರ್ ಮಾಡಬೇಕಾದ ಮುಖ್ಯ ಕೆಲಸ, ಆ ಬೈಗುಳವನ್ನು ಎಲ್ಲಿಗೆ ಸೇರಬೇಕೋ ಅಲ್ಲಿಗೆ ತಲುಪಿಸುವುದು. ಈಗ ಬುದ್ಧಿವಂತ ಆಯೋಜಕರು ಇನ್‌ಸ್ಟಾಲ್ ಮಾಡುವ ರಗಳೆಯನ್ನೇ ತೆಗೆದುಬಿಟ್ಟು, ಬ್ರೌಸರಿನಲ್ಲೇ ಬರೆದು ಅಲ್ಲೇ ಓಡಿಸುವ ವ್ಯವಸ್ಥೆ ಕೊಡುತ್ತಾರೆ. ಹಾಗೆ ಮಾಡದ ಕಡೆ ಮೊದಲ ದಿನವೇ ಜನ ಸದ್ದಿಲ್ಲದೆ ಕಳಚಿಕೊಳ್ಳುವುದನ್ನು ನೋಡಿದ್ದೇನೆ.

ಇನ್ನು ತಂಡ. 3–4 ಜನರ ತಂಡವಾದರೆ ಕೆಲಸ ಹಂಚಬೇಕು. ಸ್ವಲ್ಪ ಬಲ್ಲವನು, ಸ್ವಲ್ಪ ಜೋರಾಗಿ ಮಾತಾಡುವವನು ಕೀಲಿಮಣೆ ಹಿಡಿಯುತ್ತಾನೆ. ಉಳಿದವರಿಗೆ, ಹೆಚ್ಚಾಗಿ ಹೆಂಗಸರಿಗೆ, ಸ್ಲೈಡ್ ಮಾಡುವ, ಟಿಪ್ಪಣಿ ಬರೆಯುವ ಕೆಲಸ. ಕಲಿಯಲು ಬಂದವರು ಕಲಿಯದೆ ಹೋಗುವುದು ಹೀಗೆ. ಇದಕ್ಕೆ ಹಳೆಯ ಮದ್ದೊಂದಿದೆ, ಜೋಡಿಯಾಗಿ ಕೋಡ್ ಬರೆಯುವುದು. ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ದಾರಿ ಹೇಳುತ್ತಾರೆ, ಅರ್ಧ ಗಂಟೆಗೆ ಜಾಗ ಅದಲುಬದಲು. ಆನ್‌ಲೈನಿನಲ್ಲೂ ಇದು ಚೆನ್ನಾಗಿ ನಡೆಯುತ್ತದೆ. ನಿಯಮವಾಗಿ ಬರೆದಿಟ್ಟರೆ ಮಾತ್ರ, ಮನಸ್ಸಿಗೆ ಬಿಟ್ಟರೆ ನಡೆಯುವುದಿಲ್ಲ.

"ಇವರಿಗೆ ಬೇರೆ ಹ್ಯಾಕಥಾನ್ ಯಾಕೆ, ಎಲ್ಲರ ಜೊತೆ ಬರಲಿ" ಎನ್ನುವವರಿದ್ದಾರೆ. ನನಗೂ ಮೊದಲು ಈ ಅನುಮಾನ ಇತ್ತು. ಆದರೆ ಯಾರು ಕಟ್ಟುತ್ತಾರೋ ಅವರ ಕಣ್ಣಿಗೆ ಕಂಡದ್ದಷ್ಟೇ ತಂತ್ರಾಂಶದೊಳಗೆ ಬರುತ್ತದೆ ಎಂಬುದಕ್ಕೆ ಪುರಾವೆ ಬೇಕಾದಷ್ಟಿದೆ. ಜಾಯ್ ಬೂಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು, 2018ರಲ್ಲಿ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮಾರುಕಟ್ಟೆಯ ತಂತ್ರಾಂಶಗಳನ್ನು ಪರೀಕ್ಷಿಸಿದರು. ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ. 1ರ ಒಳಗೆ. ಕಪ್ಪುಬಣ್ಣದ ಹೆಂಗಸರ ವಿಷಯದಲ್ಲಿ ಒಂದು ತಂತ್ರಾಂಶ ಶೇ. 34ಕ್ಕೂ ಹೆಚ್ಚು ತಪ್ಪಿತು. ಇಂಥ ತಂತ್ರಾಂಶಗಳನ್ನು ಅಳೆಯಲು ಬಳಸುತ್ತಿದ್ದ ಹೆಸರಾಂತ ಚಿತ್ರಸಂಗ್ರಹಗಳಲ್ಲೇ ಅಂಥ ಮುಖಗಳು ಕಡಿಮೆ ಇದ್ದವು. ಇದಕ್ಕೆ ತದ್ವಿರುದ್ಧವಾದ ಮಾತು ಎನ್‌ವಿಡಿಎಯದು. ಪರದೆಯ ಮೇಲಿನದನ್ನು ಓದಿ ಹೇಳುವ ಈ ತಂತ್ರಾಂಶವನ್ನು 2006ರಲ್ಲಿ ಶುರುಮಾಡಿದವರು ಆಸ್ಟ್ರೇಲಿಯಾದ ಮೈಕಲ್ ಕರನ್. ಜೊತೆಗೆ ಬಂದವರು ಜೇಮ್ಸ್ ಟೆ. ಇಬ್ಬರೂ ಕಣ್ಣು ಕಾಣದವರು. ಆಗ ಸಿಗುತ್ತಿದ್ದ ಅಂಥ ತಂತ್ರಾಂಶಗಳು ದುಬಾರಿ, ಇವರದು ಉಚಿತ. ಏನು ಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹೊಗಳಿಕೆ ಸಾಕು. ಬೇಜಾರಿನ ಮಾತೂ ಇದೆ. ಕೆಲವು ಕಡೆ "ಎಲ್ಲರನ್ನೂ ಒಳಗೊಳ್ಳುತ್ತೇವೆ" ಎಂಬುದು ಭಿತ್ತಿಚಿತ್ರದ ಮೇಲಷ್ಟೇ. ಪಾಠದ ವಿಡಿಯೊಗೆ ಅಡಿಬರಹ ಇರುವುದಿಲ್ಲ, ನೋಂದಣಿಯ ಅರ್ಜಿಯನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ, ಮೆಂಟರುಗಳು ಉದ್ಘಾಟನೆಯ ದಿನ ಕಂಡು ಆಮೇಲೆ ಮಾಯ. ಸೇರುವ ಮುನ್ನ ನಿಯಮಾವಳಿ ಓದಿ. ನೀವು ಬರೆದ ಕೋಡ್ ಯಾರದಾಗುತ್ತದೆ ಎಂದು ನೋಡಿ. ಕಲಿಕೆಯ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವವರೂ ಉಂಟು. ನಡತೆಯ ಸಂಹಿತೆ ಇದೆಯೇ, ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಯಾರಿಗೆ ಹೇಳಬೇಕು ಎಂದು ಹೆಸರು ಹಾಕಿದ್ದಾರೆಯೇ, ಅದನ್ನೂ ನೋಡಿ. ಹೆಸರಿಲ್ಲದಿದ್ದರೆ ನಾನಾದರೆ ಸೇರುವುದಿಲ್ಲ. ಇನ್ನೊಂದು ಕೊರತೆಗೆ ನನ್ನ ಬಳಿ ಉತ್ತರವಿಲ್ಲ: ಆನ್‌ಲೈನ್ ಅಂದ ಮಾತ್ರಕ್ಕೆ ಎಲ್ಲರಿಗೂ ತಲುಪಿತೆಂದಲ್ಲ. ಬರೀ ಫೋನ್ ಇರುವವರು, ಮನೆಮಂದಿಗೆಲ್ಲ ಒಂದೇ ಲ್ಯಾಪ್‌ಟಾಪ್ ಇರುವವರು ಇನ್ನೂ ಹೊರಗೇ ಇದ್ದಾರೆ.

ಸೇರಿದರೆ ಏನು ಮಾಡುವುದು? ಚಿಕ್ಕದನ್ನು ಹಿಡಿಯಿರಿ. ಒಂದು ಪರದೆ, ಒಂದು ಕೆಲಸ. ಮೊದಲ ದಿನ ನಿಮ್ಮ ತಲೆಯಲ್ಲಿ ಬಂದ ಯೋಜನೆಯಲ್ಲಿ ಮುಕ್ಕಾಲು ಪಾಲನ್ನು ಕಿತ್ತುಹಾಕಿ, ಉಳಿದದ್ದರಲ್ಲೂ ಅರ್ಧ ಸಾಕು.

ಆ ಕಡತದ ಬಾಲದ ಮಹಿಳೆ ಬಿಟ್ಟುಹೋಗಲಿಲ್ಲ. ಅವರೂ ಅವರ ಅಕ್ಕನೂ ಸರದಿಯಲ್ಲಿ ತಾಯಿಯನ್ನು ನೋಡಿಕೊಳ್ಳುತ್ತಿದ್ದರಂತೆ. ಬೆಳಗಿನ ಮಾತ್ರೆ ಕೊಟ್ಟಾಯಿತೋ ಇಲ್ಲವೋ ಎಂಬ ಗೊಂದಲದಲ್ಲಿ ಒಮ್ಮೆ ಇಬ್ಬರೂ ಕೊಟ್ಟುಬಿಟ್ಟಿದ್ದರು. ಅದಕ್ಕೇ ಅವರ ಪುಟದಲ್ಲಿ ಮಾತ್ರೆಗಳ ಹೆಸರು, ಪ್ರತಿಯೊಂದರ ಮುಂದೆ "ಕೊಟ್ಟಾಯಿತು" ಎಂಬ ಗುಂಡಿ. ಒತ್ತಿದರೆ ಹಸಿರಾಗುತ್ತದೆ, ಪಕ್ಕದಲ್ಲಿ ಹೊತ್ತು ಬೀಳುತ್ತದೆ. ಕೊನೆಯ ದಿನ 2 ನಿಮಿಷದ ಡೆಮೊದಲ್ಲಿ ಅದನ್ನು ತೋರಿಸಿದರು. ತೀರ್ಪುಗಾರರಲ್ಲೊಬ್ಬರು ಕೇಳಿದರು, "ನೀವು ಒತ್ತಿದ್ದು ನಿಮ್ಮ ಅಕ್ಕನ ಫೋನಿನಲ್ಲಿ ಕಾಣುತ್ತದೆಯೇ?"

"ಇಲ್ಲ, ಕಾಣುವುದಿಲ್ಲ" ಅಂದರು. "ಇದು ನನ್ನ ಬ್ರೌಸರಿನೊಳಗಷ್ಟೇ ನೆನಪಿಟ್ಟುಕೊಳ್ಳುತ್ತದೆ. ಅಕ್ಕನಿಗೂ ಕಾಣಬೇಕಾದರೆ ಎರಡೂ ಫೋನಿಗೆ ಮಾಹಿತಿ ತಲುಪಿಸುವ ಸರ್ವರ್ ಬೇಕು. ಅದನ್ನು ಇನ್ನೂ ಕಲಿತಿಲ್ಲ. ಮುಂದಿನ ತಿಂಗಳು ಕಲಿಯುತ್ತೇನೆ. ಅಲ್ಲಿಯವರೆಗೆ ಫೋನನ್ನು ತಾಯಿಯ ದಿಂಬಿನ ಪಕ್ಕದಲ್ಲೇ ಇಡುತ್ತೇವೆ."

ನಮಸ್ಕಾರ.