ಸಣ್ಣ ಭಯಗಳು, ಸಣ್ಣ ಸೋಜಿಗಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತನಾಡಬೇಕೆಂದಿರುವುದು ಯಾರ ಬಳಿಯೂ ಹೇಳಿಕೊಳ್ಳಲಾಗದಷ್ಟು ಸಣ್ಣ ಭಯಗಳನ್ನು ಕುರಿತು, ಮತ್ತು ಅವುಗಳ ಪಕ್ಕದಲ್ಲೇ ವಾಸಿಸುವ ಸೋಜಿಗಗಳನ್ನು ಕುರಿತು. ನಡುರಾತ್ರಿಯಲ್ಲಿ ಮನೆಯ ಯಾವುದೋ ಮೂಲೆಯಿಂದ 'ಟಕ್' ಎಂದು ಬರುವ ಸದ್ದು, ಅರೆಗತ್ತಲಲ್ಲಿ ಮನುಷ್ಯನಂತೆ ನಿಂತುಬಿಡುವ ನೇತುಹಾಕಿದ ಅಂಗಿ, ನಿದ್ದೆ ಹತ್ತುವ ಹೊತ್ತಿಗೆ ಎತ್ತರದಿಂದ ಬಿದ್ದಂತಾಗಿ ಮೈಯೆಲ್ಲ ಬೆಚ್ಚುವುದು, ಇಂಥವು ನಮ್ಮೆಲ್ಲರಿಗೂ ಗೊತ್ತು. ಬೆಳಗಾದ ಮೇಲೆ ಇವನ್ನು ನಾವು ಮರೆತುಬಿಡುತ್ತೇವೆ. ಮರೆಯಬಾರದು ಎಂಬುದು ನನ್ನ ಅಭಿಪ್ರಾಯ. ಭಯ ಹುಟ್ಟಿದ ಜಾಗದಲ್ಲೇ ಸ್ವಲ್ಪ ಹೊತ್ತು ನಿಂತು 'ಇದು ಏಕೆ ಹೀಗೆ' ಎಂದು ಕೇಳಿಕೊಂಡರೆ, ಭಯ ಇದ್ದಲ್ಲಿ ಕುತೂಹಲ ಬಂದು ಕೂರುತ್ತದೆ.

ರಾತ್ರಿಯ ಸದ್ದಿನ ವಿಷಯ ಸರಳವಾದದ್ದು. ಹಗಲಿನ ಬಿಸಿಗೆ ಹಿಗ್ಗಿದ ಮರದ ತೊಲೆ, ಬಾಗಿಲ ಚೌಕಟ್ಟು, ಲೋಹದ ತಗಡು ಇವೆಲ್ಲ ರಾತ್ರಿ ತಣ್ಣಗಾಗುತ್ತ ಕುಗ್ಗುತ್ತವೆ. ಒಂದಕ್ಕೊಂದು ಬಿಗಿಯಾಗಿ ಕೂಡಿಕೊಂಡಿರುವ ಭಾಗಗಳು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ ಎಳೆತ ಕೂಡುತ್ತ ಹೋಗಿ, ಒಂದು ಕ್ಷಣದಲ್ಲಿ ಜಾರಿ ಸದ್ದು ಮಾಡುತ್ತದೆ. ಹಗಲಿನಲ್ಲೂ ಇಂಥ ಸದ್ದುಗಳು ಇದ್ದೇ ಇರುತ್ತವೆ, ಆದರೆ ನಮ್ಮ ಗದ್ದಲದಲ್ಲಿ ಅವು ಕೇಳಿಸುವುದಿಲ್ಲ.

ನೇತುಹಾಕಿದ ಅಂಗಿಯ ಕತೆ ಇದಕ್ಕಿಂತ ಸ್ವಾರಸ್ಯಕರವಾದದ್ದು. ಎರಡು ಕಪ್ಪು ಗುರುತು, ಅವುಗಳ ಕೆಳಗೆ ಒಂದು ಗೆರೆ, ಇಷ್ಟು ಸಿಕ್ಕರೆ ಸಾಕು, ನಮ್ಮ ಮಿದುಳು ಅದನ್ನು ಮುಖವೆಂದು ಓದಿಬಿಡುತ್ತದೆ. ಮುಖಗಳನ್ನು ಗುರುತಿಸುವುದಕ್ಕೆ ಮಿದುಳಿನಲ್ಲಿ ಪಳಗಿದ ಭಾಗಗಳೇ ಇವೆ, ಮತ್ತು ಅವು ಸಾವಧಾನಕ್ಕಿಂತ ಅವಸರವನ್ನೇ ನೆಚ್ಚಿಕೊಂಡಿವೆ. 1976ರಲ್ಲಿ ಮಂಗಳ ಗ್ರಹವನ್ನು ಸುತ್ತುತ್ತಿದ್ದ ವೈಕಿಂಗ್ 1 ನೌಕೆ ಸೈಡೋನಿಯಾ ಎಂಬ ಪ್ರದೇಶದ ಒಂದು ಗುಡ್ಡದ ಚಿತ್ರವನ್ನು ಕಳಿಸಿದಾಗ, ನೆರಳು ಬೆಳಕಿನ ಆಟದಿಂದ ಅದರಲ್ಲಿ ಕಣ್ಣು, ಮೂಗು, ಬಾಯಿ ಎಲ್ಲವೂ ಕಂಡವು, ಮತ್ತು ಅದನ್ನು ಯಾರೋ ಕಡೆದ ಶಿಲ್ಪವೆಂದು ನಂಬಿದವರು ಹಲವರಿದ್ದರು. 1998ರಲ್ಲಿ ಮತ್ತು 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಅದೇ ಗುಡ್ಡವನ್ನು ಹೆಚ್ಚು ಸ್ಪಷ್ಟವಾಗಿ ಚಿತ್ರಿಸಿದಾಗ ಮುಖ ಮಾಯವಾಗಿ, ಸವೆದ ಗುಡ್ಡವಷ್ಟೇ ಉಳಿಯಿತು. ಕತ್ತಲ ಕೋಣೆಯಲ್ಲಿ ದೀಪ ಹಾಕಿದಾಗ ಅಂಗಿಗೆ ಆಗುವುದೂ ಇದೇ ಅಲ್ಲವೇ? ಮಂಗಳನ ಗುಡ್ಡಕ್ಕೆ ದೀಪ ಹಾಕಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು, ಅಷ್ಟೇ.

ನಿದ್ದೆಗೆ ಜಾರುವಾಗ ಬೆಚ್ಚುವುದಕ್ಕೆ ಮಾತ್ರ ಎಲ್ಲರೂ ಒಪ್ಪಿದ ಕಾರಣ ಇನ್ನೂ ಸಿಕ್ಕಿಲ್ಲ. ಎಚ್ಚರ ಮತ್ತು ನಿದ್ದೆಗಳ ಗಡಿಯಲ್ಲಿ ಸ್ನಾಯುಗಳು ಒಮ್ಮೆಲೇ ಸೆಡೆಯುತ್ತವೆ ಎಂಬುದು ಮತ್ತು ಆರೋಗ್ಯವಂತರಲ್ಲೂ ಇದು ತೀರ ಸಾಮಾನ್ಯ ಎಂಬುದು ನಿಶ್ಚಿತವಾಗಿರುವುದರಿಂದ, ಅಂಥ ರಾತ್ರಿಯಲ್ಲಿ ನೀವು ಮಗ್ಗುಲು ಬದಲಿಸಿ ನೆಮ್ಮದಿಯಿಂದ ಮಲಗಬಹುದು.

ಇನ್ನು ಹಗಲಿನ ಸೋಜಿಗಗಳಿಗೆ ಬರುತ್ತೇನೆ. ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ದಾರದ ಗಂಟು. ಅಚ್ಚುಕಟ್ಟಾಗಿ ಸುತ್ತಿ ಚೀಲದೊಳಗೆ ಇಟ್ಟ ಇಯರ್‌ಫೋನಿನ ತಂತಿ, ಯಾರೂ ಮುಟ್ಟದಿದ್ದರೂ, ತೆಗೆಯುವ ಹೊತ್ತಿಗೆ ಗಂಟುಗಂಟಾಗಿ ಕೈಗೆ ಬರುವುದನ್ನು ನೋಡಿ ಬೆರಗಾಗದವರು ಯಾರು? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೋ ಕೇಂದ್ರದಲ್ಲಿ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪೆಟ್ಟಿಗೆಯೊಳಗೆ ದಾರವನ್ನು ಹಾಕಿ, ಪೆಟ್ಟಿಗೆಯನ್ನು ಉರುಳಿಸಿ, ಬಿಚ್ಚಿ ನೋಡಿ, ಮತ್ತೆ ಹಾಕಿ, ಹೀಗೆ 3,415 ಸಲ ಪ್ರಯೋಗ ನಡೆಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವೇ ಕ್ಷಣಗಳಲ್ಲಿ ಗಂಟು ಬೀಳುತ್ತಿತ್ತು. ಸುಮಾರು 46 ಸೆಂಟಿಮೀಟರಿಗಿಂತ ಗಿಡ್ಡವಾದ ದಾರದಲ್ಲಿ ಗಂಟೇ ಬೀಳಲಿಲ್ಲ. ಉದ್ದ ಅದಕ್ಕಿಂತ ಹೆಚ್ಚಿದಂತೆ ಗಂಟಿನ ಸಂಭವ ಥಟ್ಟನೆ ಏರಿತು. ಕಾರಣವನ್ನು ಅವರು ಹೀಗೆ ವಿವರಿಸಿದರು: ಸುರುಳಿಯಾಗಿ ಬಿದ್ದ ದಾರದಲ್ಲಿ ಎಳೆಗಳು ಒಂದರ ಪಕ್ಕ ಒಂದು ಇರುತ್ತವೆ, ಅಲುಗಾಟಕ್ಕೆ ಸಿಕ್ಕ ತುದಿಯು ಆ ಎಳೆಗಳ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಹಾಯುತ್ತ, ಜಡೆ ಹೆಣೆಯುವ ಕೈಯಂತೆ ತನ್ನಷ್ಟಕ್ಕೆ ಹೆಣೆದುಕೊಳ್ಳುತ್ತದೆ. ಇಬ್ಬರು ಬಲ್ಲವರು ಇಂಥದೊಂದು ಪ್ರಶ್ನೆಗೆ ಸಾವಿರಾರು ಸಲ ಪೆಟ್ಟಿಗೆ ತಿರುಗಿಸಿದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಪ್ರಶ್ನೆ ಸಣ್ಣದೆಂದು ಅವರು ನಾಚಿಕೊಳ್ಳಲಿಲ್ಲ.

ನೀರಿನಲ್ಲಿ ಹೆಚ್ಚು ಹೊತ್ತು ಇದ್ದ ಬೆರಳ ತುದಿಗಳು ಸುಕ್ಕುಗಟ್ಟುವುದನ್ನು ಮಕ್ಕಳು ಎಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ! ಚರ್ಮ ನೀರು ಹೀರಿ ಉಬ್ಬುವುದರಿಂದಲೇ ಹೀಗಾಗುತ್ತದೆ ಎಂದು ಬಹುಮಂದಿ ನಂಬಿದ್ದಾರೆ. ಆದರೆ ನರಕ್ಕೆ ಪೆಟ್ಟಾದ ಬೆರಳುಗಳು ಸುಕ್ಕುಗಟ್ಟುವುದಿಲ್ಲ ಎಂಬುದನ್ನು ವೈದ್ಯರು 1930ರ ದಶಕದಲ್ಲೇ ಗಮನಿಸಿದ್ದರು. ನರಗಳ ಆಜ್ಞೆಯಂತೆ ಬೆರಳ ತುದಿಯ ರಕ್ತನಾಳಗಳು ಕಿರಿದಾಗಿ, ಚರ್ಮ ಒಳಕ್ಕೆ ಸೆಳೆಯಲ್ಪಡುತ್ತದೆ. ಅಂದರೆ ಸುಕ್ಕು ಶರೀರವೇ ಮಾಡುವ ಕೆಲಸ. ಒದ್ದೆ ವಸ್ತುಗಳನ್ನು ಸುಕ್ಕುಗಟ್ಟಿದ ಬೆರಳುಗಳು ಬೇಗ ಎತ್ತಿಡುತ್ತವೆ ಎಂದು 2013ರಲ್ಲಿ ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು ತೋರಿಸಿತು. ಮರುವರ್ಷವೇ ಇನ್ನೊಂದು ತಂಡಕ್ಕೆ ಅಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮದೇ ಬೆರಳ ತುದಿಯ ಬಗ್ಗೆ ಹೀಗೆ ವಾದ ನಡೆಯುತ್ತಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಬಾನುಲಿಯಲ್ಲಿ ಕುಳಿತು ದನಿಯ ಮಾತನ್ನು ಬಿಡುವುದು ಹೇಗೆ? ಧ್ವನಿಮುದ್ರಣದಲ್ಲಿ ತಮ್ಮ ದನಿಯನ್ನು ಮೊದಲ ಸಲ ಕೇಳಿದವರು 'ಇದು ನಾನಲ್ಲ' ಎಂದೇ ಹೇಳುತ್ತಾರೆ, ಕೆಲವರು ಹೆದರುವುದೂ ಉಂಟು. ಮಾತನಾಡುವಾಗ ನಮ್ಮ ದನಿ ನಮಗೆ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಮೂಳೆಗಳ ಮೂಲಕವೂ ತಲುಪುತ್ತದೆ, ಮತ್ತು ಮೂಳೆಯ ಹಾದಿಯಲ್ಲಿ ಬರುವ ದನಿಗೆ ಮಂದ್ರದ ತುಂಬುತನ ಹೆಚ್ಚು. ಮುದ್ರಣದಲ್ಲಿ ಆ ಹಾದಿ ಇರುವುದಿಲ್ಲವಾದ್ದರಿಂದ ದನಿ ತೆಳುವಾಗಿ, ಪರಕೀಯವಾಗಿ ಕೇಳಿಸುತ್ತದೆ. ನಮ್ಮ ಮನೆಯವರೂ ಸ್ನೇಹಿತರೂ ಇಷ್ಟು ದಿನ ಪ್ರೀತಿಯಿಂದ ಕೇಳುತ್ತ ಬಂದಿರುವುದು ಆ ತೆಳುವಾದ ದನಿಯನ್ನೇ.

ಕೊನೆಯದಾಗಿ ನೀವು ಈಗಲೇ ಮಾಡಿನೋಡಬಹುದಾದದ್ದು ಒಂದಿದೆ. ಸೆಕೆಂಡಿನ ಮುಳ್ಳು ಟಿಕ್ ಟಿಕ್ ಎಂದು ಹಾರುವ ಗಡಿಯಾರ ಹತ್ತಿರದಲ್ಲಿದ್ದರೆ, ಬೇರೆಲ್ಲೋ ನೋಡುತ್ತಿದ್ದು, ತಟ್ಟನೆ ಅದರ ಕಡೆ ದೃಷ್ಟಿ ಹೊರಳಿಸಿ. ಹಲವು ಸಲ ಮಾಡಿದರೆ ಒಮ್ಮೆಯಾದರೂ ಮುಳ್ಳು ನಿಂತೇಹೋಗಿದೆ ಎನ್ನಿಸಿ, ಆಮೇಲೆ ಚಲಿಸುತ್ತದೆ. 2001ರಲ್ಲಿ ಲಂಡನ್ನಿನ ಸಂಶೋಧಕರು ಇದನ್ನು ಪ್ರಯೋಗದಿಂದ ಪರೀಕ್ಷಿಸಿದರು. ಕಣ್ಣು ಹೊರಳುವ ಆ ಕಿರುಗಳಿಗೆಯಲ್ಲಿ ಕಾಣುವ ಕಲಸಿದ ಚಿತ್ರವನ್ನು ಮಿದುಳು ನಮ್ಮ ಗಮನಕ್ಕೆ ತರುವುದಿಲ್ಲ. ಹೀಗೆ ಬಿಟ್ಟುಹೋದ ಕಾಲವನ್ನು ಕಣ್ಣು ನೆಲೆನಿಂತ ಮೇಲೆ ಕಂಡ ಚಿತ್ರದ ಲೆಕ್ಕಕ್ಕೇ ಸೇರಿಸಿಬಿಡುತ್ತದೆ ಎಂಬುದು ಅವರ ವಿವರಣೆ. ಮೊದಲ ಸೆಕೆಂಡು ಮಾತ್ರ ಹೀಗೆ ಹಿಗ್ಗುತ್ತದೆ. ಎರಡನೆಯದರಿಂದ ಎಲ್ಲವೂ ಎಂದಿನಂತೆ ನಡೆಯುತ್ತದೆ.

ನಮಸ್ಕಾರ.