ಆಟಕ್ಕೆ ಅಡ್ಡ ಬಂದ ಕಲೆ

ನಮಸ್ಕಾರ. ಇವತ್ತು ಒಂದು ಪೋಸ್ಟರ್‌ನಿಂದ ಶುರು ಮಾಡ್ತೀನಿ. 1970ರ ಇಂಗ್ಲೆಂಡಿನದ್ದು. ಕಪ್ಪು-ಬಿಳುಪು ಫೋಟೋ. ದಕ್ಷಿಣ ಆಫ್ರಿಕಾದ ಪೊಲೀಸರು ದೊಣ್ಣೆ ಎತ್ತಿ ಕಪ್ಪು ಜನರನ್ನ ಬಡೀತಿದ್ದಾರೆ. ಜೊತೆಗೆ ಒಂದೇ ಒಂದು ವಾಕ್ಯ. ಅದರ ತಾತ್ಪರ್ಯ ಇಷ್ಟು: ಇವರ ರಾಷ್ಟ್ರೀಯ ಕ್ರೀಡೆ ಯಾವುದು ಅಂತ ನೀವು ಕಣ್ಣಾರೆ ನೋಡಿದ್ರೆ, ಇವರ ಕ್ರಿಕೆಟ್ ನೋಡೋ ಉತ್ಸಾಹ ಸ್ವಲ್ಪ ಇಳೀತಿತ್ತೇನೋ.

ಬೈಗುಳ ಇಲ್ಲ, ಧಿಕ್ಕಾರ ಇಲ್ಲ. ಟೀ ಕುಡೀತಾ ಮಾತಾಡೋ ಸಭ್ಯ ಇಂಗ್ಲಿಷರ ದನಿಯಲ್ಲೇ ಹೇಳಿ ಮುಗಿಸಿಬಿಟ್ಟಿದ್ದಾರೆ. ಚಿತ್ರಕಲೆ ಅಂತ ನೋಡಿದ್ರೆ ಅದರಲ್ಲಿ ಅಂಥದ್ದೇನೂ ಇಲ್ಲ. ಆದರೆ ಟಿಕೆಟ್ ತಗೊಳ್ಳೋಕೆ ಜೇಬಿಗೆ ಕೈ ಹಾಕಿದವನ ಕೈ ಅಲ್ಲೇ ನಿಲ್ಲುತ್ತೆ. ನನ್ನ ಪ್ರಕಾರ ಕ್ರೀಡೆಯೊಳಗಿನ ಜನಾಂಗಭೇದದ ವಿರುದ್ಧ ಬಂದ ಕಲೆಗೆ ಇದೊಂದೇ ಪರೀಕ್ಷೆ. ಚೆನ್ನಾಗಿತ್ತಾ ಅಂತ ಕೇಳಬೇಡಿ, ಅಡ್ಡ ಬಂತಾ ಅಂತ ಕೇಳಿ. ನೋಡುವವನ ಕಣ್ಣಿಗೂ ಮೈದಾನಕ್ಕೂ ನಡುವೆ ಬಂದು ನಿಂತುಕೊಳ್ತಾ? ಮದುವೆ ಮನೆಯಲ್ಲಿ ಸಾಲ ವಸೂಲಿಗೆ ಬಂದವನ ಹಾಗೆ, ಎಲ್ಲರಿಗೂ ಮುಜುಗರ ಮಾಡ್ತಾ?

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಬೇಸಿಲ್ ಡಿ'ಒಲಿವಿರಾ ಅಂತ ಕೇಪ್‌ಟೌನಿನ ಆಟಗಾರ. ಅಲ್ಲಿನ ಕಾನೂನಿನಲ್ಲಿ ಆತ 'ಕಲರ್ಡ್', ಅಂದ್ರೆ ಮಿಶ್ರ ಮೂಲದವ, ಹಾಗಾಗಿ ಸ್ವಂತ ದೇಶಕ್ಕೆ ಆಡೋ ಹಾಗಿಲ್ಲ. ಇಂಗ್ಲೆಂಡಿಗೆ ಹೋಗಿ, ಆ ದೇಶದ ತಂಡ ಸೇರಿ, 1968ರಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 158 ಹೊಡೆದ. ಆದರೂ ದಕ್ಷಿಣ ಆಫ್ರಿಕಾ ಪ್ರವಾಸದ ತಂಡದಲ್ಲಿ ಮೊದಲು ಹೆಸರು ಬರಲಿಲ್ಲ. ಇನ್ನೊಬ್ಬರು ಗಾಯಗೊಂಡು ಹಿಂದೆ ಸರಿದಾಗ ಬಂತು. ಅಲ್ಲಿನ ಪ್ರಧಾನಿ ವೋರ್ಸ್ಟರ್ ಈ ತಂಡ ನಮಗೆ ಬೇಡ ಅಂದ. ಪ್ರವಾಸ ರದ್ದಾಯ್ತು. ಈಗ ಹೇಳಿ, ಆಟದೊಳಗೆ ರಾಜಕೀಯ ತಂದವರು ಯಾರು? ಪೋಸ್ಟರ್ ಅಂಟಿಸಿದವರಾ?

ಇಷ್ಟಾದ ಮೇಲೂ 1970ರಲ್ಲಿ ಬಿಳಿಯರ ತಂಡವನ್ನ ಇಂಗ್ಲೆಂಡಿಗೆ ಕರೆಸೋ ತಯಾರಿ ನಡೀತು. ಪೀಟರ್ ಹೇಯ್ನ್ ಅನ್ನೋ ವಿದ್ಯಾರ್ಥಿಯ ಮುಂದಾಳತ್ವದಲ್ಲಿ ಪ್ರವಾಸ ನಿಲ್ಲಿಸಿ ಅನ್ನೋ ಚಳವಳಿ ಹುಟ್ಟಿಕೊಳ್ತು. ಹುಡುಗರು ಪಿಚ್ ಕೆಡಿಸಿಬಿಡ್ತಾರೆ ಅನ್ನೋ ಭಯಕ್ಕೆ ಲಾರ್ಡ್ಸ್ ಮೈದಾನಕ್ಕೆ ಮುಳ್ಳುತಂತಿ ಬಿಗಿದರು. ಲಾರ್ಡ್ಸ್‌ಗೆ ಮುಳ್ಳುತಂತಿ! ಇಡೀ ಚಳವಳಿಯ ಅತ್ಯುತ್ತಮ ಪೋಸ್ಟರ್ ಮಾಡಿಕೊಟ್ಟವರು ಕ್ರಿಕೆಟ್ ಆಡಳಿತದವರೇ ಅಂತ ನನಗೆ ಆಗಾಗ ಅನ್ನಿಸುತ್ತೆ. ಸಜ್ಜನರ ಆಟ ಅನ್ನಿಸಿಕೊಂಡದ್ದು ಜೈಲಿನ ಅಂಗಳದ ಹಾಗೆ ಕಾಣೋಕೆ ಶುರುವಾಯ್ತು. ಮೇ ತಿಂಗಳಲ್ಲಿ ಸರ್ಕಾರವೇ ಮಧ್ಯೆ ಬಂದು ಪ್ರವಾಸ ಬೇಡ ಅಂತ ಕೇಳಿಕೊಳ್ತು, ರದ್ದಾಯ್ತು.

ಇದರ ಪರಾಕಾಷ್ಠೆ ನೋಡಬೇಕಂದ್ರೆ ನ್ಯೂಜಿಲೆಂಡಿಗೆ ಹೋಗಬೇಕು. ಅಲ್ಲಿ ರಗ್ಬಿ ಅಂದ್ರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ, ಒಂದು ಕೈ ಜಾಸ್ತಿನೇ. 1960ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ತಂಡದಿಂದ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಆಟಗಾರರನ್ನ ಬಿಟ್ಟೇ ಹೋಗಿದ್ರು. 1970ರಲ್ಲಿ ಕರ್ಕೊಂಡು ಹೋದ್ರು, ಆದರೆ 'ಗೌರವ ಬಿಳಿಯರು' ಅನ್ನೋ ಪಟ್ಟ ಕಟ್ಟಿಸಿಕೊಂಡು! ಅವಮಾನಕ್ಕೂ ಒಂದು ಪ್ರಮಾಣಪತ್ರ. 1981ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ತಂಡ ಸ್ಪ್ರಿಂಗ್‌ಬಾಕ್ಸ್ ನ್ಯೂಜಿಲೆಂಡಿಗೇ ಬಂತು. 56 ದಿನ. ದೇಶ ಎರಡು ಹೋಳಾಯ್ತು.

ಜುಲೈ 25, ಹ್ಯಾಮಿಲ್ಟನ್. ಬೇಲಿ ಕಿತ್ತು ಒಳಗೆ ನುಗ್ಗಿದ ಮುನ್ನೂರಕ್ಕೂ ಹೆಚ್ಚು ಜನ ಮೈದಾನದ ನಡುವೆ ತೋಳಿಗೆ ತೋಳು ಹೆಣೆದು ನಿಂತರು. ಸುತ್ತ ಕಾಯ್ತಿದ್ದ ರಗ್ಬಿ ಅಭಿಮಾನಿಗಳು ಬಾಟಲಿ ಎಸೀತಿದ್ದಾರೆ. ಆ ಪಂದ್ಯ ದಕ್ಷಿಣ ಆಫ್ರಿಕಾದಲ್ಲಿ ನೇರ ಪ್ರಸಾರ. ಅಲ್ಲಿನ ಬಿಳಿಯರು ನಸುಕಿನಲ್ಲೇ ಎದ್ದು ಟಿವಿ ಮುಂದೆ ಕೂತಿದ್ದಾರೆ. ಅವರಿಗೆ ಕಂಡದ್ದು ಆಟ ಅಲ್ಲ, ಮೈದಾನದ ಮಧ್ಯೆ ಒತ್ತಿಕೊಂಡು ನಿಂತ ಆ ಗುಂಪು. ಪಂದ್ಯ ರದ್ದು. ಇದನ್ನ ಕಲೆ ಅನ್ನಬಹುದಾ ಅಂತ ಯಾರಾದ್ರೂ ಕೇಳಿದ್ರೆ, ನಾನು ಹೂಂ ಅಂತೀನಿ. ಇಷ್ಟು ಲೆಕ್ಕಾಚಾರದಿಂದ, ಇಂಥ ಪ್ರೇಕ್ಷಕರ ಎದುರಿಗೇ, ಇಂಥ ಹೊತ್ತಿಗೇ ನಿಲ್ಲಿಸಿದ ದೃಶ್ಯ ಬೇರೆ ಯಾವುದಿದೆ?

ಆಮೇಲೆ ಪೊಲೀಸರು ಉದ್ದನೆ ಲಾಠಿ ಹಿಡಿದರು. ಜನ ಬೈಕ್ ಹೆಲ್ಮೆಟ್ ಹಾಕ್ಕೊಂಡು, ಮನೆಯಲ್ಲೇ ಮಾಡಿದ ಗುರಾಣಿ ಹಿಡ್ಕೊಂಡು ಬಂದರು. ಆಕ್ಲೆಂಡಿನ ಪ್ರತಿಭಟನಾಕಾರರ ತಂಡಗಳ ಹೆಸರು ಕೇಳಿ: ಬಿಕೊ, ಟುಟು, ಪಟು. ಬಿಕೊ ಅಂದ್ರೆ ಪೊಲೀಸ್ ಕಸ್ಟಡಿಯಲ್ಲಿ ಸತ್ತ ದಕ್ಷಿಣ ಆಫ್ರಿಕಾದ ಹೋರಾಟಗಾರ ಸ್ಟೀವ್ ಬಿಕೊ. ಟುಟು ಅಂದ್ರೆ ಅಲ್ಲಿನದೇ ಬಿಷಪ್ ಟುಟು. ಪಟು ಅಂದ್ರೆ ಮಾವೋರಿಗಳ ಆಯುಧ. ಮಾವೋರಿಗಳು ಇಲ್ಲಿ ಇನ್ನೊಂದು ಪ್ರಶ್ನೆ ಎತ್ತಿದ್ರು: ಆಫ್ರಿಕಾದ ಜನಾಂಗಭೇದಕ್ಕೆ ಕಣ್ಣೀರು ಹಾಕ್ತೀರಲ್ಲ, ಕಿತ್ತುಕೊಂಡ ನಮ್ಮ ನೆಲದ ಕಥೆ ಏನು? ಚಳವಳಿಯ ಒಳಗಿದ್ದ ಬಿಳಿಯರಿಗೂ ಅದು ಗಂಟಲಲ್ಲಿ ಇಳಿಯದ ತುತ್ತು.

ಅದೇ ವರ್ಷ ರಾಲ್ಫ್ ಹೊಟೆರೆ ಅನ್ನೋ ಮಾವೋರಿ ಕಲಾವಿದ ಕಪ್ಪು ಯೂನಿಯನ್ ಜ್ಯಾಕ್ ಚಿತ್ರಗಳನ್ನ ಮಾಡಿದ. ಬ್ರಿಟಿಷ್ ಬಾವುಟದ ಬಣ್ಣ ತೆಗೆದು ಕಪ್ಪು ತುಂಬಿದ. ಆ ದೇಶದಲ್ಲಿ ಕಪ್ಪು ಅಂದ್ರೆ ಮೊದಲು ನೆನಪಾಗೋದು ಅವರ ರಗ್ಬಿ ತಂಡ ಆಲ್ ಬ್ಲ್ಯಾಕ್ಸ್‌ನ ಜೆರ್ಸಿ, ಅಭಿಮಾನದ ಬಣ್ಣ. ಅದೇ ಕಪ್ಪನ್ನ ಬಾವುಟಕ್ಕೆ ಬಳಿದಾಗ ಜೆರ್ಸಿ ಹಾಕಿದವನಿಗೂ ಸ್ವಲ್ಪ ಚುಚ್ಚಿರಬೇಕು. ಗ್ಯಾಲರಿಯಲ್ಲಿ ತೂಗು ಹಾಕಿದ ಕಲೆಯಲ್ಲಿ ನನಗೆ ಈ ಪರೀಕ್ಷೆ ಪಾಸಾಗಿ ಕಾಣೋದು ಕಡಿಮೆ. ಇದು ಪಾಸು.

ಸೆಪ್ಟೆಂಬರ್ 12, ಕೊನೇ ಟೆಸ್ಟ್, ಆಕ್ಲೆಂಡಿನ ಈಡನ್ ಪಾರ್ಕ್. ಸಣ್ಣ ಸೆಸ್ನಾ ವಿಮಾನವೊಂದು ಮೈದಾನದ ಮೇಲೆ ಮತ್ತೆ ಮತ್ತೆ ಕೆಳಕ್ಕೆ ಬಂದು ಹಿಟ್ಟಿನ ಪೊಟ್ಟಣ ಎಸೀತು. ಒಂದು ಗ್ಯಾರಿ ನೈಟ್ ಅನ್ನೋ ಆಲ್ ಬ್ಲ್ಯಾಕ್ಸ್ ಆಟಗಾರನಿಗೇ ಬಡಿದು ಆತ ನೆಲಕ್ಕೆ ಬಿದ್ದ. ಪಂದ್ಯ ಮಾತ್ರ ನಿಲ್ಲಲಿಲ್ಲ, ನ್ಯೂಜಿಲೆಂಡ್ 25–22ರಿಂದ ಗೆಲ್ತು. ಈ ವಿಮಾನದ ಸಾಹಸವನ್ನ ನಾನು ಹೊಗಳಲ್ಲ. ತುಂಬಿದ ಸ್ಟೇಡಿಯಂ ಮೇಲೆ ಅಷ್ಟು ತಗ್ಗಿನಲ್ಲಿ ಹಾರಾಟ, ಸ್ವಲ್ಪ ಹೆಚ್ಚುಕಮ್ಮಿ ಆಗಿದ್ರೆ ನಾವು ಇವತ್ತು ಬೇರೆ ಥರ ಮಾತಾಡ್ತಿದ್ವಿ. ಅದೇ ದಿನ ಹೊರಗೆ ಜೋಕರ್ ವೇಷ ಹಾಕ್ಕೊಂಡು ಬಂದಿದ್ದವರನ್ನ ಪೊಲೀಸರು ಲಾಠಿಯಿಂದ ಹೊಡೆದರು. ಒಬ್ಬರು ಜೇನುನೊಣದ ವೇಷ. ಹಿಟ್ಟಿನ ಪೊಟ್ಟಣಕ್ಕಿಂತ ಆ ಬಣ್ಣದ ಬಟ್ಟೆಗಳೇ ಹೆಚ್ಚು ಕೆಲಸ ಮಾಡಿದ್ವು ಅನ್ನೋದು ನನ್ನ ಅಭಿಪ್ರಾಯ. ಜೋಕರ್‌ಗೆ ಲಾಠಿ ಬೀಸಿದ ಪೊಲೀಸರನ್ನ ಯಾವ ಸರ್ಕಾರ ಸಮರ್ಥಿಸಿಕೊಳ್ಳುತ್ತೆ?

ಈಗ ನಮ್ಮ ಕಡೆ ಬರೋಣ. ದಕ್ಷಿಣ ಆಫ್ರಿಕಾದ ಜೊತೆ 1946ರಲ್ಲೇ ವ್ಯಾಪಾರ ನಿಲ್ಲಿಸಿದ ದೇಶ ನಮ್ಮದು. 1974ರಲ್ಲಿ ಅವರ ಎದುರು ಟೆನಿಸ್‌ನ ಡೇವಿಸ್ ಕಪ್ ಫೈನಲ್ ಆಡೋದೇ ಇಲ್ಲ ಅಂತ ಕಪ್ ಬಿಟ್ಟುಕೊಟ್ವಿ. ಅಮೃತರಾಜ್ ಸಹೋದರರು ಫಾರ್ಮ್‌ನಲ್ಲಿದ್ದ ಕಾಲ ಅದು. ಇದೆಲ್ಲ ಹೆಮ್ಮೆಯಿಂದ ಹೇಳ್ಕೋತೀವಿ, ಹೇಳ್ಕೋಬೇಕು. ಆದರೆ 1981ರ ಡಿಸೆಂಬರ್ ಕೂಡ ಹೇಳಬೇಕಲ್ಲ. ಈಡನ್ ಪಾರ್ಕ್ ಆಗಿ ಮೂರು ತಿಂಗಳಿಗೆ ಇಂಗ್ಲೆಂಡ್ ತಂಡ ನಮ್ಮ ಚಿನ್ನಸ್ವಾಮಿಯಲ್ಲಿ ಟೆಸ್ಟ್ ಆಡ್ತು. ಅವರ ಬ್ಯಾಟ್ಸ್‌ಮನ್ ಜೆಫ್ರಿ ಬಾಯ್ಕಾಟ್‌ಗೆ ದಕ್ಷಿಣ ಆಫ್ರಿಕಾದ ನಂಟಿದೆ ಅಂತ ಆ ಪ್ರವಾಸವೇ ತೂಗುಯ್ಯಾಲೆಯಲ್ಲಿತ್ತು, ಕೊನೆಗೆ ದೆಹಲಿ ಒಪ್ಪಿಕೊಳ್ತು. ಬೆಂಗಳೂರಿನಲ್ಲಿ ಗವಾಸ್ಕರ್ 172 ಹೊಡೆದ ಪಂದ್ಯ ಅದು, ಜನಕ್ಕೆ ನೆನಪಿರೋದು ಅಷ್ಟೇ. ಮಾರ್ಚ್ ಬರೋ ಹೊತ್ತಿಗೆ ಅದೇ ಬಾಯ್ಕಾಟ್, ಅದೇ ತಂಡದ ಗ್ರಹಾಂ ಗೂಚ್, ಬೋರ್ಡ್ ಒಪ್ಪಿಗೆ ಇಲ್ಲದ ರೆಬೆಲ್ ತಂಡ ಕಟ್ಕೊಂಡು ದಕ್ಷಿಣ ಆಫ್ರಿಕಾದಲ್ಲಿ ಆಡ್ತಿದ್ರು. ಹಣಕ್ಕೆ. ಮೂರು ವರ್ಷ ನಿಷೇಧ ಬಿತ್ತು, ಅದು ಮುಗಿದ ಮೇಲೆ ಗೂಚ್ ಇಂಗ್ಲೆಂಡಿನ ಕ್ಯಾಪ್ಟನ್ನೂ ಆದ.

ಇನ್ನು 2021. ಅಕ್ಟೋಬರ್ 24, ದುಬೈ, ಪಾಕಿಸ್ತಾನದ ಎದುರು ನಮ್ಮ ಓಪನರ್‌ಗಳು ಜನಾಂಗಭೇದ ವಿರೋಧಿಸಿ ಮಂಡಿಯೂರಿದ್ರು, ಉಳಿದವರು ಬೌಂಡರಿ ಹತ್ರ ಮಂಡಿಯೂರಿದ್ರು. ಪಂದ್ಯ ಆದ ಮೇಲೆ ಕೊಹ್ಲಿಯನ್ನ ಕೇಳಿದ್ರೆ, ಮ್ಯಾನೇಜ್‌ಮೆಂಟ್‌ನಿಂದ ಹೇಳಿದ್ರು ಅನ್ನೋ ಅರ್ಥದ ಉತ್ತರ ಬಂತು. ಎರಡೇ ದಿನಕ್ಕೆ ದಕ್ಷಿಣ ಆಫ್ರಿಕಾದ ಬೋರ್ಡ್ ತನ್ನ ಆಟಗಾರರಿಗೆ ಎಲ್ಲರೂ ಮಂಡಿಯೂರಲೇಬೇಕು ಅಂತ ಆದೇಶ ಹೊರಡಿಸ್ತು. ಅವರ ಕೀಪರ್ ಕ್ವಿಂಟನ್ ಡಿ ಕಾಕ್ ವೆಸ್ಟ್ ಇಂಡೀಸ್ ಎದುರಿನ ಪಂದ್ಯವನ್ನೇ ಬಿಟ್ಟ, ಆಮೇಲೆ ಕ್ಷಮೆ ಕೇಳಿ ಮಂಡಿಯೂರಿದ. ನನಗೆ ಡಿ ಕಾಕ್ ಮೇಲೆ ವಿಶೇಷ ಪ್ರೀತಿ ಏನಿಲ್ಲ. ಆದರೆ ಬೋರ್ಡ್ ಸುತ್ತೋಲೆ ಕಳಿಸಿ ಮಾಡಿಸಿದ ಮಂಡಿ ಯಾರಿಗೆ ಅಡ್ಡ ಬಂತು? ಅದೇ ವರ್ಷ ಜನವರಿಯಲ್ಲಿ ಸಿಡ್ನಿಯಲ್ಲಿ ಸಿರಾಜ್ ಆಟ ನಿಲ್ಲಿಸಿ ಅಂಪೈರ್ ಹತ್ರ ಹೋಗಿ ತನ್ನನ್ನ ಬೈದ ಪ್ರೇಕ್ಷಕರ ಕಡೆ ಬೆರಳು ತೋರಿಸಿದನಲ್ಲ, ಆಗ ಪಂದ್ಯ ಎಂಟು-ಹತ್ತು ನಿಮಿಷ ನಿಂತಿತ್ತು, ಕೆಲವರನ್ನ ಹೊರಗೂ ಹಾಕಿದ್ರು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಬೆರಳಿನ ಚಿತ್ರ ಯಾರಾದ್ರೂ ಬರೆದಿದ್ರೆ ನನಗೆ ಕಳಿಸಿ, ಮುಂದಿನ ಸಂಚಿಕೆಯ ಥಂಬ್‌ನೇಲ್‌ಗೆ ಅದನ್ನೇ ಹಾಕ್ತೀನಿ.